ಹೆಸರು ಹಾಕಿದ ತಟ್ಟೆಗಳು: ಮಟನ್ ಸ್ಟ್ರೀಟಿನ ಒಂದು ಪಿಂಗಾಣಿ ಅಂಗಡಿ

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಗ್ರಾಮಫೋನು, ಹಡಗಿನ ದೀಪ, ಹಳೆಯ ಸಿನಿಮಾ ಪೋಸ್ಟರುಗಳ ಅಂಗಡಿಗಳ ನಡುವೆ ಪಿಂಗಾಣಿಯೊಂದನ್ನೇ ನಂಬಿಕೊಂಡ ಅಂಗಡಿಯೊಂದಿದೆ. ಕಳೆದ ಮಳೆಗಾಲದಲ್ಲಿ ಸೋದರ ಸೊಸೆಯ ಹೊಸ ಮನೆಗೆಂದು ಊಟದ ಸೆಟ್ಟು ಹುಡುಕುತ್ತ ನಾನು ಅಲ್ಲಿಗೆ ಮೂರು ಸಲ ಹೋಗಿಬಂದೆ. ಕೊಂಡದ್ದೂ ಇದೆ, ಬಿಟ್ಟುಬಂದದ್ದೂ ಇದೆ, ಒಂದು ತಟ್ಟೆಯ ವಿಷಯದಲ್ಲಿ ಮಾತಿಗೆ ಮಾತು ಬೆಳೆಸಿದ್ದೂ ಇದೆ. ಆ ಮಾತಿನ ಕಾರಣದಿಂದಲೇ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇವನಿಗೇನು ಪಿಂಗಾಣಿಯ ವಿಷಯ ಗೊತ್ತು ಎಂದು ಕೇಳುವವರಿಗೆ ಇಷ್ಟು ಹೇಳಿಬಿಡುತ್ತೇನೆ: ಕುಂದಾಪುರದ ಕಡೆಯಿಂದ ಬಂದು ಈ ಊರಿನ ದೊಡ್ಡ ಹೋಟೆಲೊಂದರ ಸ್ಟೋರ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕ್ರಾಕರಿಯ ಲೆಕ್ಕ ಬರೆದವನು ನಾನು. ಒಡೆದ ತಟ್ಟೆಯ ಚೂರನ್ನು ನೋಡಿ ಅದು ಬ್ಯಾಂಕ್ವೆಟ್ಟಿನದೋ ಕಾಫಿ ಶಾಪಿನದೋ ಹೇಳಬಲ್ಲೆ.

ಅಂಗಡಿಯ ಬಾಗಿಲು ಒಬ್ಬರು ಹೊರಬಂದ ಮೇಲೆ ಇನ್ನೊಬ್ಬರು ಒಳಹೋಗಬೇಕಾದಷ್ಟು ಕಿರಿದು. ಆದರೆ ಒಳಗಿನ ಅಚ್ಚುಕಟ್ಟು ಮೆಚ್ಚುವಂಥದು. ಮೂರು ಗೋಡೆಗಳಿಗೂ ಸೂರಿನವರೆಗೆ ಮರದ ಗೂಡುಗಳಿವೆ. ಎದುರು ಗೋಡೆಗೆ ತಂತಿಯ ಕೊಂಡಿಯಲ್ಲಿ ತೂಗುಹಾಕಿದ ಅಲಂಕಾರದ ತಟ್ಟೆಗಳು, ಎಡಗಡೆ ಕಪ್ಪು-ಬಸಿಗಳು, ಬಲಗಡೆ ಊಟದ ಸೆಟ್ಟುಗಳು, ನೆಲದ ಮೇಲೆ ನಮ್ಮ ಅಜ್ಜಿಯರ ಕಾಲದ ಉಪ್ಪಿನಕಾಯಿ ಜಾಡಿಗಳು. ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ನಡುವೆ ಗುಜರಾತಿ ಪತ್ರಿಕೆಯ ಹಾಳೆಗಳನ್ನು ಮಡಿಸಿ ಇಟ್ಟಿರುವುದನ್ನು ಕಂಡಾಗಲೇ ಇವರು ಕೆಲಸ ಬಲ್ಲವರು ಅನ್ನಿಸಿತು. ತಟ್ಟೆಯ ತಳದ ಬಳೆಗೆ ಮೆರುಗು ಇರುವುದಿಲ್ಲವಾದ್ದರಿಂದ ಅದು ಉಪ್ಪುಕಾಗದದಂತೆ ಕೆಳಗಿನ ತಟ್ಟೆಯ ಚಿನ್ನದ ಗೆರೆಯನ್ನು ಕೆರೆದುಹಾಕುತ್ತದೆ ಎಂಬುದು ಹೋಟೆಲಿನ ಹೊಸ ಹುಡುಗರಿಗೆ ನಾವು ಕಲಿಸುತ್ತಿದ್ದ ಮೊದಲ ಪಾಠ. ಅಂಗಡಿಯ ಹಿರಿಯರನ್ನು ಬೀದಿಯವರೆಲ್ಲ ಚಾಚಾ ಎನ್ನುತ್ತಾರೆ. ವಸ್ತುವನ್ನು ಎತ್ತಿ ನೋಡಲು, ಬೆರಳಿನಿಂದ ತಟ್ಟಿ ನೋಡಲು, ಬೆಳಕಿಗೆ ಹಿಡಿದು ನೋಡಲು ಅವರು ಒಂದು ಸಲವೂ ಅಡ್ಡಿ ಮಾಡಲಿಲ್ಲ. ಗಾಜಿನ ಬಾಗಿಲಿನ ಹಿಂದೆ ಬೀಗ ಹಾಕಿ ಇಟ್ಟು, ಮುಟ್ಟಿದರೆ ಹುಬ್ಬು ಗಂಟಿಕ್ಕುವ ದಕ್ಷಿಣ ಮುಂಬಯಿಯ ಅಂಗಡಿಗಳಿಗಿಂತ ಇದು ನನಗೆ ಹಿಡಿಸಿದ್ದು ಈ ಒಂದು ಕಾರಣಕ್ಕೆ.

ಮೊದಲ ದಿನವೇ ಚಾಚಾ ಸೊಸೆಯ ಕೈಗೆ ಒಂದು ತಟ್ಟೆ ಕೊಟ್ಟರು. ಹತ್ತು ಇಂಚಿನ ಫುಲ್ ಪ್ಲೇಟು, ಅಂಚಿಗೆ ಕಡುನೀಲಿಯ ಪಟ್ಟಿ, ಪಟ್ಟಿಯ ಎರಡೂ ಬದಿಗೆ ಚಿನ್ನದ ಗೆರೆ, ನಡುವೆ ಎರಡು ತಲೆಯ ಹಕ್ಕಿ. ನಾವು ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿದ್ದಿತ್ತೆಂದು ತೋರುತ್ತದೆ. ಮೈಸೂರು ಮಹಾರಾಜರ ಊಟದ ಮೇಜಿನದು, ಜೋಡಿ ಸಿಕ್ಕುವುದಿಲ್ಲ, ಹದಿನೆಂಟು ಸಾವಿರ ಎಂದರು. ಸೊಸೆಯ ಕಣ್ಣು ಅರಳಿತು.

"ಮಾವ, ನಮ್ಮ ಗಂಡಭೇರುಂಡ! ಸರಿಯಾಗಿ ನೋಡಿ."

ಸರಿಯಾಗಿಯೇ ನೋಡಿದೆ. ಕರ್ನಾಟಕದಲ್ಲಿ ಹುಟ್ಟಿದವನು ಗಂಡಭೇರುಂಡವನ್ನು ಶಾಲೆಯ ವರ್ಗಾವಣೆ ಪತ್ರದಿಂದ ಹಿಡಿದು ಪಹಣಿಯವರೆಗೆ ಎಷ್ಟು ಸರ್ಕಾರಿ ಕಾಗದಗಳ ನೆತ್ತಿಯಲ್ಲಿ ಕಂಡಿರುತ್ತಾನೆಂದು ಚಾಚಾಗೆ ಗೊತ್ತಿರಲಾರದು. ನಮ್ಮ ಲಾಂಛನದ ಹಕ್ಕಿಯ ಎರಡು ಬದಿಗೆ ಆನೆಯ ಸೊಂಡಿಲಿನ, ಸಿಂಹದ ಮೈಯ ಶರಭಗಳು ನಿಂತಿರುತ್ತವೆ. ಈ ತಟ್ಟೆಯಲ್ಲಿ ಅವುಗಳ ಸುಳಿವಿಲ್ಲ. ಹಕ್ಕಿಯ ಒಂದು ಕಾಲಿನ ಉಗುರಲ್ಲಿ ಕತ್ತಿ, ಇನ್ನೊಂದರಲ್ಲಿ ಶಿಲುಬೆ ನೆಟ್ಟ ಗೋಳ. ಅದು ಯುರೋಪಿನ ಚಕ್ರವರ್ತಿಗಳು ಧ್ವಜದ ಮೇಲೂ ನಾಣ್ಯದ ಮೇಲೂ ಹಾಕಿಸಿಕೊಳ್ಳುತ್ತಿದ್ದ ಎರಡು ತಲೆಯ ಹದ್ದು. ಜೇಬಿನಲ್ಲಿದ್ದ ಭೂತಗನ್ನಡಿಯನ್ನು ಹಕ್ಕಿಯ ರೆಕ್ಕೆಯ ಮೇಲೆ ಹಿಡಿದೆ. ಕೈಯಿಂದ ಬರೆದದ್ದಾದರೆ ಕುಂಚದ ಎಳೆ ಕಾಣಬೇಕು, ಬಣ್ಣ ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ತೆಳುವಾಗಿ ಇರಬೇಕು, ಉಗುರು ಎಳೆದರೆ ಸಣ್ಣಗೆ ಉಬ್ಬು ಸಿಗಬೇಕು. ಇಲ್ಲಿ ಕಂಡದ್ದು ದಿನಪತ್ರಿಕೆಯ ಚಿತ್ರದಲ್ಲಿ ಕಾಣುವಂಥ ಚುಕ್ಕೆಗಳ ಸಾಲು. ಅಂದರೆ ಅಚ್ಚು ಹಾಕಿದ ಹಾಳೆಯನ್ನು ಅಂಟಿಸಿ ಸುಟ್ಟದ್ದು, ಇತ್ತೀಚಿನ ಕೆಲಸ. ಮಗುಚಿ ನೋಡಿದರೆ ತಳದಲ್ಲಿ ಮುದ್ರೆ ಇರಬೇಕಾದ ಜಾಗ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಮೆರುಗು ಕಳೆದುಕೊಂಡು ಮಂಕಾಗಿತ್ತು. ಯಾರೋ ತಾಳ್ಮೆಯಿಂದ ಕೂತು ಉಜ್ಜಿದ್ದರು. ತಟ್ಟೆಯನ್ನು ಮಾತಿಲ್ಲದೆ ಹಿಂದಿರುಗಿಸಿದೆ. ಚಾಚಾ ಸಹ ಮಾತಿಲ್ಲದೆ ತೆಗೆದುಕೊಂಡು ಚಹಾ ತರಿಸಿದರು. ಈ ಬೀದಿಯ ಮರ್ಯಾದೆ ಅಂಥದು.

ತಟ್ಟೆ ಸುಳ್ಳಾಗಿದ್ದರೂ ಅದನ್ನು ಮಾರುವ ಉಪಾಯ ಮಾತ್ರ ನಾಲ್ಕು ನೂರು ವರ್ಷಗಳಿಂದ ನಡೆದುಬಂದದ್ದು. ಊಟದ ತಟ್ಟೆಯ ಮೇಲೆ ವಂಶದ ಗುರುತು ಏಕಿರಬೇಕು ಎಂಬ ಪ್ರಶ್ನೆಯನ್ನು ನಾನು ನನ್ನ ಕಸುಬಿನ ಕಡೆಯಿಂದ ನೋಡುತ್ತೇನೆ. ಹೋಟೆಲಿನ ತಟ್ಟೆಗಳ ಅಂಚಿನಲ್ಲೂ ಹೋಟೆಲಿನ ಮೊದಲಕ್ಷರಗಳ ಮುದ್ರೆ ಇರುತ್ತಿತ್ತು. ಅತಿಥಿಗಳು ಅದನ್ನು ಘನತೆ ಎಂದುಕೊಳ್ಳುತ್ತಿದ್ದರು; ನಮಗೆ ಅದು ಕಳವಾದ ಕ್ವಾರ್ಟರ್ ಪ್ಲೇಟು ಯಾರದೆಂದು ಹೇಳುವ ಸಾಕ್ಷಿ. ನಮ್ಮ ಮನೆಗಳಲ್ಲಿ ಮದುವೆಗೆ ಬಂದ ಸ್ಟೀಲಿನ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ತಾರೀಖು ಕೆತ್ತಿಸುವುದೂ ಇದೇ ಸಾಲಿಗೆ ಸೇರಿದ್ದು. ಭುಲೇಶ್ವರದ ಪಾತ್ರೆ ಅಂಗಡಿಗಳ ಹೊರಗೆ ಟಕಟಕ ಸದ್ದು ಮಾಡುತ್ತ ಚುಕ್ಕೆ ಚುಕ್ಕೆಯಾಗಿ ಹೆಸರು ಮೂಡಿಸುವವನನ್ನು ನೋಡಿದವರಿಗೆ ಮೊಗಲ್ ಬಾದಶಹರ ಭಂಡಾರದ ಕೆಲಸವೂ ಅರ್ಥವಾಗುತ್ತದೆ. ಚೀನಾದಿಂದ ಬಂದ ನೀಲಿ-ಬಿಳುಪಿನ ತಟ್ಟೆಗಳ ಗಾಜಿನಂಥ ಮೆರುಗನ್ನು ಕೊರೆದು ಷಹಜಹಾನನ ಹೆಸರು ಕೆತ್ತಿದ ಮಾದರಿಗಳು ಇಂದಿಗೂ ಉಳಿದಿವೆ. ಇರಾನಿನ ಷಾ ಅಬ್ಬಾಸ್ 1611ರಲ್ಲಿ ಅರ್ದಬೀಲಿನ ದರ್ಗಾಕ್ಕೆ ಸಾವಿರಕ್ಕೂ ಹೆಚ್ಚು ಚೀನೀ ಪಿಂಗಾಣಿಗಳನ್ನು ಒಪ್ಪಿಸಿದಾಗಲೂ ಅವುಗಳ ಮೇಲೆ ದಾನದ ಮುದ್ರೆಯನ್ನು ಕೆತ್ತಿಸಿದ. ಅವನ್ನಿಡಲು ಗೋಡೆಯ ತುಂಬ ಹೂಜಿಯ ಆಕಾರದ ಗೂಡುಗಳಿದ್ದ ಚೀನೀಖಾನೆ ಎಂಬ ಕೋಣೆಯೇ ಇತ್ತು. ನಾವು ಆಡುವ ಪಿಂಗಾಣಿ ಎಂಬ ಮಾತು ಸಹ ಬಟ್ಟಲು ಎಂಬರ್ಥದ ಪಾರಸಿಯ ಪಿಂಗಾನ್‌ನಿಂದ ಬಂದದ್ದು, ಆ ದರಬಾರುಗಳ ದಾರಿಯಲ್ಲೇ.

ಜಹಾಂಗೀರನ ದರಬಾರಿನಲ್ಲಿ 1609ರಿಂದ 1611ರವರೆಗೆ ಇದ್ದ ವಿಲಿಯಂ ಹಾಕಿನ್ಸ್ ಎಂಬ ಇಂಗ್ಲಿಷಿನವನು ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಬಾದಶಹನಿಗೆ ಪ್ರಿಯವಾದ ಚೀನೀ ತಟ್ಟೆಯೊಂದು ಭಂಡಾರದ ಹೊಣೆ ಹೊತ್ತವನ ಉಸ್ತುವಾರಿಯಲ್ಲಿ ಒಡೆದುಹೋಯಿತು. ಅಂಥದೇ ಇನ್ನೊಂದನ್ನು ತರಿಸಲು ಆತ ಗುಟ್ಟಾಗಿ ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಸುದ್ದಿ ತಿಳಿದ ಬಾದಶಹ ಅವನಿಗೆ ಚಾಟಿಯೇಟು ಕೊಡಿಸಿ, ಅಂಥದೇ ತಟ್ಟೆ ತರದೆ ಮುಖ ತೋರಿಸಬೇಡವೆಂದು ದೇಶ ಬಿಟ್ಟು ಕಳಿಸಿದ. ಇದನ್ನು ಓದಿದಾಗ ನನಗೆ ಬಾದಶಹನಿಗಿಂತ ಆ ಸ್ಟೋರ್ ಕೀಪರನ ನೆನಪೇ ಹೆಚ್ಚು ದಿನ ಕಾಡಿತು. ನಮ್ಮಲ್ಲಿ ಬ್ರೇಕೇಜ್ ರಿಜಿಸ್ಟರಿನಲ್ಲಿ ಬರೆದು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು, ಅಷ್ಟೇ.

ಲಾಂಛನದ ತಟ್ಟೆಗಳ ವ್ಯಾಪಾರವನ್ನು ಸಮುದ್ರದ ಮೇಲೆ ಮೊದಲು ಹಬ್ಬಿಸಿದವರು ಪೋರ್ಚುಗೀಸರು. ಅವರ ದೊರೆ ಮೊದಲನೆಯ ಮನುವೆಲ್‌ನ ಕಾಲದ ಲಾಂಛನ ಹೊತ್ತ ಚೀನೀ ಹೂಜಿಗಳಲ್ಲಿ ಕೆಲವು ಉಳಿದಿದ್ದು, ಅವುಗಳಲ್ಲಿ ರಾಜಲಾಂಛನ ತಲೆಕೆಳಗಾಗಿರುವುದೂ ಉಂಟು. ಬರೆದ ಚೀನೀ ಕುಶಲಕರ್ಮಿಗೆ ಆ ಗುರುತಿನ ತಲೆ ಯಾವುದು, ಬುಡ ಯಾವುದು ಎಂದು ಹೇಳುವವರು ಇರಲಿಲ್ಲ. ಹದಿನೆಂಟನೆಯ ಶತಮಾನಕ್ಕೆ ಬಂದರೆ ಇಂಗ್ಲೆಂಡಿನ ಜಮೀನ್ದಾರರೂ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ನೌಕರರೂ ತಮ್ಮ ವಂಶಲಾಂಛನದ ಚಿತ್ರವನ್ನು ಕಾಗದದ ಮೇಲೆ ಬರೆದು ಚೀನಾದ ಬಂದರು ಕ್ಯಾಂಟನ್ನಿಗೆ ಕಳಿಸುತ್ತಿದ್ದರು. ಜಿಂಗ್ದೆಝೆನ್ ಪಟ್ಟಣದ ಆವಿಗೆಗಳಲ್ಲಿ ಸುಟ್ಟ ಬಿಳಿಯ ತಟ್ಟೆಗಳು ಕ್ಯಾಂಟನ್ನಿಗೆ ಬಂದು, ಅಲ್ಲಿ ಬಣ್ಣ ಏರಿಸಿಕೊಂಡು, ಮತ್ತೊಮ್ಮೆ ಸಣ್ಣ ಉರಿಯಲ್ಲಿ ಸುಡಿಸಿಕೊಂಡು, ಮಾನ್ಸೂನಿನ ಗಾಳಿ ನೋಡಿ ಹಡಗು ಹತ್ತಿ ಲಂಡನ್ ಮುಟ್ಟುವಷ್ಟರಲ್ಲಿ ಎರಡು ವರ್ಷವಾದರೂ ಕಳೆಯುತ್ತಿತ್ತು. ಎರಡು ವರ್ಷ ಕಾಯಬಲ್ಲ, ಮುಂಗಡ ಕೊಡಬಲ್ಲ, ದಾರಿಯಲ್ಲಿ ಒಡೆದದ್ದನ್ನು ಸಹಿಸಬಲ್ಲ ಮನೆತನ ಎಂಬುದನ್ನು ಆ ತಟ್ಟೆ ಸೂಪು ಬಡಿಸುವ ಮುಂಚೆಯೇ ಅತಿಥಿಗೆ ಹೇಳಿಬಿಡುತ್ತಿತ್ತು.

ಈ ಮಣ್ಣಿನ ಗುಟ್ಟು ಬಿಡಿಸುವುದು ಬಹುಕಾಲದವರೆಗೆ ಯುರೋಪಿನವರಿಂದ ಆಗಿರಲಿಲ್ಲ. ಕೇವೋಲಿನ್ ಎಂಬ ಬಿಳಿ ಜೇಡಿಯನ್ನು ಕಲ್ಲಿನ ಪುಡಿಯೊಡನೆ ಕಲಸಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಬೇಯಿಸಿದರೆ ಅದು ಗಾಜಿನಂತೆ ಕರಗಿ ಒಂದಾಗುತ್ತದೆ ಎಂಬುದನ್ನು ಜರ್ಮನಿಯ ಸ್ಯಾಕ್ಸನಿಯಲ್ಲಿ 1708ರಲ್ಲಿ ಸಾಧಿಸಿದವನು ಬಾಟ್ಗರ್ ಎಂಬ ಯುವಕ. ಅವನು ಚಿನ್ನ ಮಾಡುತ್ತೇನೆಂದು ಕೊಚ್ಚಿಕೊಂಡು ಅಲ್ಲಿನ ದೊರೆ ಆಗಸ್ಟಸನ ಸೆರೆಗೆ ಬಿದ್ದಿದ್ದ. ಚಿನ್ನ ಬರಲಿಲ್ಲ, ವಿಜ್ಞಾನಿ ಚಿರ್ನ್‌ಹೌಸನ ಜೊತೆ ಸೇರಿ ಮಾಡಿದ ಪ್ರಯೋಗದಲ್ಲಿ ಪಿಂಗಾಣಿ ಬಂತು. 1710ರಲ್ಲಿ ಮೈಸೆನ್ ಊರಿನ ಕೋಟೆಯೊಳಗೇ ಕಾರ್ಖಾನೆ ತೆರೆದದ್ದು ಗುಟ್ಟು ಹೊರಬೀಳದಿರಲೆಂದು. ಇದೇ ಆಗಸ್ಟಸ್ 1717ರಲ್ಲಿ ಪ್ರಷ್ಯಾದ ದೊರೆಗೆ ತನ್ನ 600 ಮಂದಿ ಕುದುರೆ ಸೈನಿಕರನ್ನು ಕೊಟ್ಟು ಬದಲಿಗೆ 151 ಚೀನೀ ಪಿಂಗಾಣಿಗಳನ್ನು ಪಡೆದ. ಒಂದು ಪಿಂಗಾಣಿಗೆ ನಾಲ್ಕು ಆಳು ಬೀಳುವ ಲೆಕ್ಕ. ಅವನ ಮಗನ ಕಾಲದ ಮಂತ್ರಿ ಬ್ರೂಲ್ ತನ್ನ ಮನೆಗೆಂದು 1737ರಿಂದ ಮಾಡಿಸಿಕೊಂಡ ಹಂಸಗಳ ಸೆಟ್ಟಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಿಡಿ ವಸ್ತುಗಳಿದ್ದವು. ತಟ್ಟೆಯ ಬಿಳಿಯ ಮೈಯಲ್ಲೇ ಹಂಸಗಳೂ ನೀರಿನ ಅಲೆಗಳೂ ಉಬ್ಬಿಕೊಂಡಿರುವ ಅದರ ಕೆಲಸ ಕಣ್ಣಿಗೆ ಹಬ್ಬ. ಆದರೆ ಊಟ ಮುಗಿದ ಮೇಲೆ ಮಧ್ಯರಾತ್ರಿಯಲ್ಲಿ ಅಷ್ಟನ್ನೂ ತೊಳೆದು, ಒರೆಸಿ, ಎಣಿಸಿ ಇಟ್ಟವರು ಯಾರೆಂದು ಚರಿತ್ರೆಕಾರರು ಬರೆಯುವುದಿಲ್ಲ. ಉಬ್ಬು ಕೆಲಸದ ತಟ್ಟೆಯ ಸಂದಿಯಿಂದ ಒಣಗಿದ ಸಾಸನ್ನು ತೆಗೆಯುವುದು ಏನೆಂದು ನನ್ನಂಥವರಿಗೆ ಗೊತ್ತು. ರಷ್ಯಾದ ರಾಣಿ ಎರಡನೆಯ ಕ್ಯಾಥರೀನ್ ಫ್ರಾನ್ಸಿನ ಸೆವ್ರ್ ಕಾರ್ಖಾನೆಯಿಂದ ತರಿಸಿದ ಹಸಿರುನೀಲಿ ಬಣ್ಣದ ಸೆಟ್ಟಿನಲ್ಲಂತೂ ತಟ್ಟೆಗಳ ನಟ್ಟನಡುವೆ ಹೂವಿನಿಂದ ಹೆಣೆದ ಅವಳ ಹೆಸರಿನ ಮೊದಲಕ್ಷರವಿದೆ. ಉಣ್ಣುವವರು ತಿಂದಷ್ಟೂ ರಾಣಿಯ ಹೆಸರು ಹೊರಬರಬೇಕು.

ನಮ್ಮ ದಕ್ಷಿಣದ ಅರಸರು ಈ ಹುಚ್ಚಿಗೆ ಅಷ್ಟಾಗಿ ಬಿದ್ದಂತೆ ಕಾಣುವುದಿಲ್ಲ. ಹಂಪಿಯ ಅಗೆತದಲ್ಲಿ ಗಣ್ಯರ ಮನೆಗಳಿದ್ದ ಕಡೆ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿರುವುದು ನಿಜ. ಆದರೂ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿಗಳು ಅರಮನೆಯ ಪಾತ್ರೆಗಳೆಂದು ಬಣ್ಣಿಸಿದ್ದು ಚಿನ್ನ ಬೆಳ್ಳಿಯವನ್ನು. ಮಣ್ಣಿನದು ಒಮ್ಮೆ ಎಂಜಲಾದರೆ ಮತ್ತೆ ಶುದ್ಧವಾಗದು ಎಂಬ ನಂಬಿಕೆ ನನ್ನ ಬಾಲ್ಯದವರೆಗೂ ಇತ್ತು. ನಮ್ಮ ಮನೆಯಲ್ಲಿ ಪಿಂಗಾಣಿ ಎಂದರೆ ಉಪ್ಪಿನಕಾಯಿಯ ಜಾಡಿ, ಮತ್ತೆ ಹೊರಜಗಲಿಯ ಗೂಡಿನಲ್ಲಿ ಬೋರಲು ಹಾಕಿಟ್ಟ ಎರಡು ಕಪ್ಪು-ಬಸಿ. ಅವು ಯಾರಿಗೆ ಚಹಾ ಕೊಡಲು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡಸ್ತಿಕೆಯನ್ನು ತೋರಿಸಲು ತಟ್ಟೆಯೊಂದನ್ನು ಹೀಗೆ ಬೇರೆ ಇಟ್ಟರೂ ಸಾಕಾಗುತ್ತಿತ್ತು.

ಅಂಗಡಿಯ ದಾಸ್ತಾನಿಗೆ ಬರುತ್ತೇನೆ. ಗೋಡೆಗೆ ತೂಗುಹಾಕಿದ ಲಾಂಛನದ ತಟ್ಟೆಗಳು ಹನ್ನೊಂದು; ಅವುಗಳಲ್ಲಿ ನನ್ನ ಅಂದಾಜಿನಲ್ಲಿ ಎರಡು ಮಾತ್ರ ನಂಬಿಕೆಗೆ ಅರ್ಹ. ಕತ್ತರಿಯಾಗಿಟ್ಟ ಎರಡು ಖಡ್ಗಗಳ ನೀಲಿ ಮುದ್ರೆ ಮೈಸೆನ್ನಿನದು ಎಂದು ತೋರಿಸುವ ಬಟ್ಟಲೊಂದಿದೆ, ಆದರೆ ಲೋಕದಲ್ಲಿ ಅತಿ ಹೆಚ್ಚು ನಕಲಾದ ಪಿಂಗಾಣಿ ಮುದ್ರೆಗಳಲ್ಲಿ ಅದೂ ಒಂದು ಎಂಬುದನ್ನು ಮರೆಯಬಾರದು. ಈ ಗೋಡೆಯನ್ನು ಕಣ್ಣು ತುಂಬ ನೋಡಿ ಮುಂದೆ ಸಾಗುವುದು ಕ್ಷೇಮ. ಅಂಗಡಿಯ ನಿಜವಾದ ಬಲ ಬಲಗಡೆಯ ಗೂಡುಗಳಲ್ಲಿದೆ. ಹಳೆಯ ಪಾರ್ಸಿ ಮನೆಗಳು ಖಾಲಿಯಾದಾಗ ಬಂದ ಇಂಗ್ಲಿಷ್ ಮತ್ತು ಜಪಾನೀ ಊಟದ ಸೆಟ್ಟುಗಳು ಎಂದು ಚಾಚಾ ಹೇಳುವ ಮಾತನ್ನು ನಂಬಲು ನನಗೆ ಅಡ್ಡಿ ಕಾಣಲಿಲ್ಲ, ಏಕೆಂದರೆ ತಟ್ಟೆಗಳ ಮೈಮೇಲೆ ಚಾಕುವಿನ ಗೀರುಗಳು ಎಲ್ಲಿ ಇರಬೇಕೋ ಅಲ್ಲಿವೆ, ಚಿನ್ನ ಸವೆದಿರುವುದು ಹೆಬ್ಬೆರಳು ತಾಗುವ ಜಾಗದಲ್ಲಿ. ಸುಳ್ಳು ಹಳತಿನಲ್ಲಿ ಸವೆತ ಎಲ್ಲ ಕಡೆಗೂ ಸಮನಾಗಿರುತ್ತದೆ. ಇನ್ನು ತಳದ ಮುದ್ರೆ ಓದುವುದು. ಇಂಗ್ಲೆಂಡ್ ಎಂಬ ಹೆಸರಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು, ಏಕೆಂದರೆ ಆ ವರ್ಷದಿಂದ ಅಮೆರಿಕವು ಆಮದಿನ ವಸ್ತುವಿನ ಮೇಲೆ ದೇಶದ ಹೆಸರನ್ನು ಕಡ್ಡಾಯ ಮಾಡಿತು. ನಿಪ್ಪಾನ್ ಎಂದಿದ್ದರೆ 1891 ಮತ್ತು 1921ರ ನಡುವಿನದು, ಆಮೇಲಿನದಕ್ಕೆ ಜಪಾನ್ ಎಂದು ಬರೆಯತೊಡಗಿದರು. ನೂರೈವತ್ತು ವರ್ಷ ಹಳತೆಂದು ಚಾಚಾ ಎತ್ತಿ ತೋರಿಸಿದ ಟ್ಯೂರೀನಿನ, ಅಂದರೆ ಸೂಪು ಬಡಿಸುವ ಮುಚ್ಚಳದ ಪಾತ್ರೆಯ, ತಳದಲ್ಲಿ ಮೇಡ್ ಇನ್ ಇಂಗ್ಲೆಂಡ್ ಎಂದಿತ್ತು. ಬೆರಳಿಟ್ಟು ತೋರಿಸಿದೆ. ಬೆಲೆ ಅರ್ಧಕ್ಕೆ ಇಳಿಯಿತು, ವಯಸ್ಸು ಮಾತ್ರ ಇಳಿಯಲಿಲ್ಲ.

ಇಂಗ್ಲಿಷ್ ಸೆಟ್ಟುಗಳಲ್ಲಿ ತೆಳ್ಳಗಿನ, ಹಾಲುಬಿಳುಪಿನ, ಬೆಳಕಿಗೆ ಹಿಡಿದರೆ ಹಿಂದಿನ ಬೆರಳುಗಳ ನೆರಳು ಕಾಣುವ ಸೆಟ್ಟೊಂದು ಸೊಸೆಗೆ ತುಂಬ ಹಿಡಿಸಿತ್ತು. ಅದು ಬೋನ್ ಚೈನಾ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಟೋಕ್ ಊರಿನ ಸ್ಪೋಡ್ ಮನೆತನದವರು ನೆಲೆಗೊಳಿಸಿದ ಈ ಪಾಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ದನದ ಎಲುಬಿನ ಬೂದಿ. ಸೊಸೆಯ ಅತ್ತೆಯವರು ಏಕಾದಶಿಯಂದು ಹನಿ ನೀರನ್ನೂ ಮುಟ್ಟದ ಮಾಧ್ವ ಮನೆತನದವರು. "ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ ಮಾವ?" ಎಂದು ಅವಳು ಮೆಲ್ಲಗೆ ಕೇಳಿದಳು, ನಾನು ಉತ್ತರಿಸುವ ಮುಂಚೆಯೇ ತಟ್ಟೆಯನ್ನು ಕೆಳಗಿಟ್ಟಳು. ಇದರಲ್ಲಿ ಚಾಚಾ ನಡೆದುಕೊಂಡ ರೀತಿಯನ್ನು ಹೊಗಳಲೇಬೇಕು. ನಾವು ಬಾಯಿಬಿಟ್ಟು ಹೇಳದಿದ್ದರೂ ವಿಷಯ ಅವರಿಗೆ ತಿಳಿಯಿತು. ಎಲುಬಿಲ್ಲದ ಮಾಲು ಈ ಕಡೆ ಎಂದು ತಾವಾಗಿಯೇ ಜಪಾನೀ ಗೂಡಿನತ್ತ ಕರೆದೊಯ್ದರು. ಜೈನ ಗಿರಾಕಿಗಳಿಂದ ಬಂದ ಅಭ್ಯಾಸವಂತೆ.

ಕೊನೆಗೆ ನಾವು ಆರಿಸಿದ್ದು ಎಲೆಗಳ ಮಾಲೆಯ ನಡುವೆ ಎಂ ಅಕ್ಷರವಿರುವ, ಜಪಾನಿನ ನೊರಿಟಾಕೆ ಕಂಪನಿಯ ಹಳೆಯ ಮುದ್ರೆಯ ಆರು ಫುಲ್ ಪ್ಲೇಟು, ಆರು ಸೂಪ್ ಪ್ಲೇಟು. ಸೂಪ್ ಪ್ಲೇಟಿನ ಆಳ ಸಾರನ್ನಕ್ಕೆ ಹೇಳಿ ಮಾಡಿಸಿದಂತಿದೆ. ಒಟ್ಟು ಒಂಬತ್ತು ಸಾವಿರ ಹೇಳಿದ್ದನ್ನು ಆರೂವರೆಗೆ ಇಳಿಸಿದೆವು. ತಕರಾರು ಹುಟ್ಟಿದ್ದು ಇಲ್ಲೇ. ಅಂಗಡಿಯಲ್ಲಿ ಹನ್ನೊಂದನ್ನು ತಟ್ಟಿ ನೋಡಿದ್ದೆ. ಹನ್ನೆರಡನೆಯದನ್ನು ಹುಡುಗ ಅಷ್ಟರಲ್ಲಿ ಪತ್ರಿಕೆಯಲ್ಲಿ ಸುತ್ತಿಬಿಟ್ಟಿದ್ದ, ನನ್ನ ಇಪ್ಪತ್ತೆಂಟು ವರ್ಷದ ಅನುಭವ ಆಗ ಚಹಾ ಕುಡಿಯುತ್ತಿತ್ತು. ಮನೆಯಲ್ಲಿ ಬಿಚ್ಚಿ ತಟ್ಟಿದರೆ ಉಳಿದವು ಗುಡಿಯ ಸಣ್ಣ ಗಂಟೆಯಂತೆ ಟಣ್ ಎಂದು ಎಳೆದು ನಾದ ಕೊಟ್ಟವು, ಅದೊಂದು ಟಪ್ ಎಂದಿತು. ಅಂಚಿನಿಂದ ಎರಡು ಇಂಚು ಒಳಗೆ ಓಡಿದ ಕೂದಲೆಳೆಯ ಬಿರುಕಿಗೆ ಅಂಟು ತುಂಬಿ ಮೇಲೆ ಚಿನ್ನದ ಬಣ್ಣ ಬಳಿದಿದ್ದರು. ಮರುದಿನ ಒಯ್ದಾಗ ಚಾಚಾ, ಟ್ಯಾಕ್ಸಿಯಲ್ಲಿ ಆಗಿರಬೇಕು ಎಂದರು. ಟ್ಯಾಕ್ಸಿಯಲ್ಲಿ ಬಿರುಕು ಬಿಡಬಹುದು, ಅಂಟು ಹಾಕುವವರು ಯಾರು ಎಂದೆ. ಅರ್ಧ ಗಂಟೆಯ ಮಾತಿನ ಮೇಲೆ ಬೇರೆ ತಟ್ಟೆ ಕೊಟ್ಟರು, ಹಣ ವಾಪಸು ಕೊಡಲು ಒಪ್ಪಲಿಲ್ಲ. ಬದಲಿಗೆ ಬಂದದ್ದರ ಹೂವಿನ ಗುಲಾಬಿ ಬಣ್ಣ ಉಳಿದವುಗಳಿಗಿಂತ ಒಂದು ಗುಲಗಂಜಿಯಷ್ಟು ತಿಳಿ.

ಇನ್ನೊಂದು ಅಸಮಾಧಾನ ಬಿಲ್ಲಿನದು. ಬಾಯಲ್ಲಿ ನವಾಬರು, ಮಹಾರಾಜರು, ಲಾಟ್ ಸಾಹೇಬರು ಎಲ್ಲರೂ ಬಂದುಹೋಗುತ್ತಾರೆ. ಬಿಲ್ಲಿನಲ್ಲಿ ಬರೆದದ್ದು ಹಳೆ ಪ್ಲೇಟು, 12 ನಗ ಎಂದಷ್ಟೇ. ಲಾಂಛನದ ತಟ್ಟೆ ಕೊಳ್ಳುವವರಿಗೆ ನನ್ನ ಸಲಹೆ, ಅದು ಯಾರ ಮನೆಯದು, ಯಾವ ಕಾಲದ್ದು ಎಂದು ಅಂಗಡಿಯವರು ಹೇಳಿದ್ದನ್ನೆಲ್ಲ ಬಿಲ್ಲಿನಲ್ಲೇ ಬರೆದುಕೊಡಲು ಕೇಳಿ. ಬರೆಯುವ ಪೆನ್ನು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯವರೆಗಿನ ಬೆಲೆ ಮಾತ್ರ ಕೊಡಿ. ನೂರು ವರ್ಷ ದಾಟಿದ ಕಲಾವಸ್ತು 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತುವಾಗಬಹುದು, ಅಂಥದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಕಳಿಸುತ್ತೇನೆ ಎನ್ನುವ ಗಿರಾಕಿಯ ಮುಂದೆ ಅದೇ ತಟ್ಟೆಯ ವಯಸ್ಸು ಥಟ್ಟನೆ ನಲವತ್ತು ವರ್ಷ ಕಡಿಮೆಯಾಗುವುದನ್ನು ನಾನೇ ಕೇಳಿದೆ. ಮೆರುಗಿನ ಮೇಲೆ ಬಣ್ಣ ಬರೆದ ಹಳೆಯ ತಟ್ಟೆಗಳಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಹುಳಿಸಾರು, ನಿಂಬೆಕಾಯಿ, ಮಜ್ಜಿಗೆಹುಳಿಗಳನ್ನು ಅವುಗಳಲ್ಲಿ ಬಡಿಸಬಾರದು. ಚಿನ್ನದ ಗೆರೆಯಿದ್ದದ್ದನ್ನು ಮೈಕ್ರೋವೇವಿನಲ್ಲಿ ಇಟ್ಟರೆ ಕಿಡಿ ಹಾರುತ್ತದೆ.

ಅಂಗಡಿಗೆ ಹೋಗುವ ಮುಂಚೆ ಒಂದು ಬೆಳಗ್ಗೆಯನ್ನು ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಮೀಸಲಿಡುವುದು ಒಳ್ಳೆಯದು. ಸರ್ ರತನ್ ಟಾಟಾ ಮತ್ತು ಸರ್ ದೊರಾಬ್ ಟಾಟಾ ಅವರ ಸಂಗ್ರಹದಿಂದ ಬಂದ ಚೀನೀ, ಜಪಾನೀ ಪಿಂಗಾಣಿಗಳು ಅಲ್ಲಿವೆ. ನಿಜವಾದ ಕುಂಚದ ನೀಲಿ ಹೇಗೆ ಮೆರುಗಿನ ಒಳಗೆ ಇಳಿದು ತುಸು ಹರಡಿಕೊಂಡಿರುತ್ತದೆ ಎಂಬುದನ್ನು ಕಣ್ಣಿಗೆ ಅಭ್ಯಾಸ ಮಾಡಿಸಿಕೊಂಡರೆ ಮಟನ್ ಸ್ಟ್ರೀಟಿನ ಚುಕ್ಕೆಗಳು ತಾವಾಗಿಯೇ ಬೇರೆ ಕಾಣುತ್ತವೆ. ಸೊಸೆಯನ್ನು ನಾನು ಕರೆದುಕೊಂಡು ಹೋದದ್ದು ಮೊದಲ ಭೇಟಿಯ ನಂತರ. ಮೊದಲೇ ಹೋಗಿದ್ದರೆ ಗಂಡಭೇರುಂಡಕ್ಕೆ ಅವಳೇ ಉತ್ತರ ಕೊಡುತ್ತಿದ್ದಳು.

ನನಗಾಗಿ ಕೊಂಡದ್ದು ಒಂದೇ ಒಂದು. ಜಾಡಿಗಳ ಹಿಂದೆ ಧೂಳು ತಿನ್ನುತ್ತಿದ್ದ, ದಪ್ಪ ಮೈಯ, ಅಂಚಿನಲ್ಲಿ ಜಿ.ಐ.ಪಿ. ಎಂಬ ಅಕ್ಷರಗಳಿರುವ ರೈಲ್ವೆಯ ತಟ್ಟೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹೆಸರಿನ ಸಂಕ್ಷೇಪ ಅದು. ಈಗಿನ ಸೆಂಟ್ರಲ್ ರೈಲ್ವೆಯ ಅಜ್ಜ. ಅಕ್ಷರಗಳ ಮೇಲೆ ಫೋರ್ಕಿನ ಗೀರುಗಳಿವೆ, ತಳದ ಬಳೆ ಕಪ್ಪಾಗಿದೆ, ಎಲ್ಲೂ ಉಜ್ಜಿಲ್ಲ. ಎಂಟು ನೂರು ರೂಪಾಯಿ ಕೊಟ್ಟೆ, ಚೌಕಾಸಿ ಮಾಡಲು ಮನಸ್ಸಾಗಲಿಲ್ಲ.

ಹಣ ಎಣಿಸಿಕೊಂಡ ಮೇಲೆ ಚಾಚಾ ಮೇಜಿನ ಕೆಳಗಿನಿಂದ ಒಂದು ಕಂಚಿನ ಬಟ್ಟಲನ್ನು ತೆಗೆದು, ಇದರ ಮೇಲೆ ನಿಮ್ಮ ಭಾಷೆ ಇದೆಯಂತೆ, ಏನೆಂದು ಓದಿ ಹೇಳಿ ಎಂದರು. ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಕನ್ನಡ ಅಕ್ಷರಗಳು, ಅರ್ಧ ಸವೆದಿದ್ದವು. ಬೆಳಕಿಗೆ ಓರೆಯಾಗಿ ಹಿಡಿದು ಓದಿದೆ: ತವರಿನಿಂದ ಸೀಮಂತಕ್ಕೆ. ಅರ್ಥ ಬಿಡಿಸಿ ಹೇಳಿದೆ. ಚಾಚಾ ಗಂಭೀರವಾಗಿ ತಲೆಯಾಡಿಸಿ, ಬಟ್ಟಲಿಗೆ ಅಂಟಿಸಿದ್ದ ಮುನ್ನೂರು ರೂಪಾಯಿಯ ಚೀಟಿಯನ್ನು ಉಗುರಿನಿಂದ ಕಿತ್ತು, ಹೊಸ ಚೀಟಿಯಲ್ಲಿ ಐದುನೂರು ಎಂದು ಬರೆದು ಅಂಟಿಸಿದರು.